ಆಲ್ಪ್ಸ್ ಸರೋವರ: ಮೊದಲ ಎರಡು ನಿಮಿಷ ಎಚ್ಚರ!

ವಿದೇಶ ಪ್ರವಾಸಕ್ಕೆ ಹೊರಟವರು ವೈದ್ಯರ ಬಳಿ ಬಂದು ಕೇಳುವುದು ಸಾಮಾನ್ಯವಾಗಿ ಮೂರೇ ಸಂಗತಿ: ಭೇದಿಗೆ ಮಾತ್ರೆ, ಬಸ್ಸಿನಲ್ಲಿ ವಾಂತಿಯಾಗದಂತೆ ಮಾತ್ರೆ, ದಿನನಿತ್ಯದ ಬಿ.ಪಿ. ಮಾತ್ರೆಗೆ ಚೀಟಿ. ಅಲ್ಲಿನ ಸರೋವರದಲ್ಲಿ ಈಜಬಹುದೇ ಎಂದು ಕೇಳುವವರು ವಿರಳ. ಆದರೆ ಜುಲೈ, ಆಗಸ್ಟ್ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಬೆಟ್ಟದ ಸರೋವರದ ದಡದಲ್ಲಿ ನಿಂತರೆ ನೀರಿಗಿಳಿಯುವ ಆಸೆ ಯಾರಿಗಾದರೂ ಬರುತ್ತದೆ. ಮಗನ ಮನೆಗೆಂದೋ ಮಗಳ ಬಾಣಂತನಕ್ಕೆಂದೋ ಜ್ಯೂರಿಕ್, ಮ್ಯೂನಿಕ್‌ಗೆ ಹೋದ ನಮ್ಮ ಹಿರಿಯರೂ ಈಗ ಆ ದಡಗಳನ್ನು ನೋಡಿ ಬರುತ್ತಾರೆ. ಆಸೆ ತಪ್ಪಲ್ಲ. ಆದರೆ ಅದು ನಮ್ಮೂರ ಕೆರೆಯ ನೀರಲ್ಲ ಎಂಬುದನ್ನು ತಿಳಿದು ಇಳಿಯಬೇಕು.

ಬಿಸಿಲು ಮೇಲೆ, ಹಿಮ ಕೆಳಗೆ

ಉದಾಹರಣೆಗೆ, ಬರ್ನ್ ಪ್ರಾಂತ್ಯದ ಕಾಂಡರ್‌ಸ್ಟೆಗ್ ಊರಿನ ಮೇಲಿರುವ ಓಶಿನೆನ್ ಸರೋವರವನ್ನು ನೋಡಿ. ಸಮುದ್ರಮಟ್ಟದಿಂದ 1,578 ಮೀಟರ್ ಎತ್ತರ. ಆಳ ಸುಮಾರು 56 ಮೀಟರ್. ಬೆಟ್ಟ ಕುಸಿದು ಕಣಿವೆಗೆ ಅಡ್ಡಗಟ್ಟಿದ್ದರಿಂದ ಹುಟ್ಟಿದ ಸರೋವರವಿದು. ಸುತ್ತಲಿನ ಶಿಖರಗಳ ಹಿಮ ಕರಗಿ ತೊರೆಗಳಾಗಿ ಬಂದು ಇದನ್ನು ತುಂಬುತ್ತದೆ. ಈ ಪ್ರದೇಶ 2007ರಿಂದ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ತೂಗುತೊಟ್ಟಿಲಿನಲ್ಲಿ ಮೇಲೇರಿ, ಸ್ವಲ್ಪ ದೂರ ನಡೆದರೆ ನೀಲಿ ನೀರು ಕಣ್ಣಿಗೆ ಬೀಳುತ್ತದೆ.

ಎಲ್ಲ ಸರೋವರಗಳೂ ಒಂದೇ ರೀತಿ ತಣ್ಣಗಿರುವುದಿಲ್ಲ. ಫ್ಲಿಮ್ಸ್ ಊರಿನ ಕೌಮಾ ಸರೋವರ, ಆಸ್ಟ್ರಿಯಾದ ವೈಸನ್‌ಸೇ ಇವೆಲ್ಲ ಕಡುಬೇಸಿಗೆಯಲ್ಲಿ 20 ಡಿಗ್ರಿ ದಾಟುವುದುಂಟು. ಆದರೂ ಒಂದು ಮಾತು ನೆನಪಿಡಿ. ಬಿಸಿಲು ಕಾಯಿಸುವುದು ಮೇಲಿನ ಪದರವನ್ನು ಮಾತ್ರ. ನೀರು ಅತ್ಯಂತ ಭಾರವಾಗಿರುವುದು 4 ಡಿಗ್ರಿಯಲ್ಲಿ. ಆದ್ದರಿಂದ ತಣ್ಣನೆಯ ನೀರು ತಳ ಸೇರುತ್ತದೆ. ದಡದಲ್ಲಿ ಹಿತವಾಗಿದ್ದ ನೀರು ಹತ್ತು ಮಾರು ಮುಂದೆ ಹೋದಾಗ, ತೊರೆ ಸೇರುವ ಕಡೆಯಲ್ಲಿ ಅಥವಾ ಕಾಲು ಕೆಳಗಿಳಿಸಿದಾಗ ಕೊರೆಯತೊಡಗಬಹುದು.

ಕಣ್ಣು ಮಾಡುವ ಮೋಸವೂ ಇದೆ. ಬೆಳಕಿನ ವಕ್ರೀಭವನದಿಂದಾಗಿ ತಿಳಿನೀರಿನಲ್ಲಿ 4 ಮೀಟರ್ ಆಳ 3 ಮೀಟರ್‌ನಂತೆ ತೋರುತ್ತದೆ. ತಳದ ಕಲ್ಲು ಕಾಣುತ್ತಿದೆ, ಕಾಲು ನಿಲುಕುತ್ತದೆ ಎಂದು ನಂಬಿ ಇಳಿಯಬಾರದು.

ದೇಹದಲ್ಲಿ ಆಗುವುದೇನು?

ತಣ್ಣೀರಿನಲ್ಲಿ ಮುಳುಗಿದವರು ಸಾಯುವುದು ನಿಧಾನವಾಗಿ ಮರಗಟ್ಟಿ ಎಂಬುದು ಸಾಮಾನ್ಯ ನಂಬಿಕೆ. ಇದು ಅರ್ಧ ಸತ್ಯ. ದೇಹದ ಒಳಗಿನ ಶಾಖ ಅಪಾಯದ ಮಟ್ಟಕ್ಕೆ ಇಳಿಯಲು ವಯಸ್ಕರಲ್ಲಿ ಸಾಮಾನ್ಯವಾಗಿ ಅರ್ಧ ಗಂಟೆಯಾದರೂ ಬೇಕು. ಅನೇಕ ಸಾವುಗಳು ಅದಕ್ಕೂ ಬಹಳ ಮೊದಲೇ, ನೀರಿಗೆ ಬಿದ್ದ ಮೊದಲ ಕೆಲವು ನಿಮಿಷಗಳಲ್ಲಿ ಸಂಭವಿಸುತ್ತವೆ.

ಚರ್ಮ ಹಠಾತ್ತನೆ ತಣ್ಣಗಾದಾಗ ಮನುಷ್ಯ ತನ್ನ ಇಚ್ಛೆಯಿಲ್ಲದೆಯೇ ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಳ್ಳುತ್ತಾನೆ. ಆಗ ಬಾಯಿ ನೀರಿನೊಳಗಿದ್ದರೆ ಶ್ವಾಸಕೋಶಕ್ಕೆ ಹೋಗುವುದು ಗಾಳಿಯಲ್ಲ, ನೀರು. ಆಮೇಲೆ ಏದುಸಿರು ಹತ್ತುತ್ತದೆ. ನಾಡಿಬಡಿತ, ರಕ್ತದೊತ್ತಡಗಳು ಏರುತ್ತವೆ. ಇದನ್ನು 'ಕೋಲ್ಡ್ ಶಾಕ್' ಎನ್ನುತ್ತಾರೆ. 15 ಡಿಗ್ರಿಗಿಂತ ತಣ್ಣಗಿರುವ ನೀರಿನಲ್ಲಿ ಇದು ತೀವ್ರ. ಎರಡು ಮೂರು ನಿಮಿಷಗಳಲ್ಲಿ ತಾನಾಗಿ ತಗ್ಗುತ್ತದೆ. ಆ ಎರಡು ಮೂರು ನಿಮಿಷ ತಲೆ ನೀರಿನ ಮೇಲಿರಬೇಕು, ಅಷ್ಟೆ.

ತಲೆ ಮುಂದಾಗಿ ಧುಮುಕುವವರಿಗೆ ಇನ್ನೊಂದು ಅಪಾಯವಿದೆ. ತಣ್ಣಗಾದ ಚರ್ಮ ಹೃದಯಕ್ಕೆ 'ಬೇಗ ಬಡಿ' ಎನ್ನುತ್ತದೆ. ಮುಖ ನೀರಿನಲ್ಲಿ ಮುಳುಗಿದಾಗ ಬರುವ ಸೂಚನೆ 'ನಿಧಾನಿಸು' ಎನ್ನುತ್ತದೆ. ಒಂದೇ ಕ್ಷಣದಲ್ಲಿ ಬಂದ ಈ ಎರಡು ವಿರುದ್ಧ ಆಜ್ಞೆಗಳಿಂದ ಹೃದಯದ ಲಯ ತಪ್ಪಬಹುದು. ಬ್ರಿಟನ್ನಿನ ವಿಜ್ಞಾನಿಗಳಾದ ಶಟಾಕ್ ಮತ್ತು ಟಿಪ್ಟನ್ 2012ರಲ್ಲಿ ಇದನ್ನು ವಿವರಿಸಿದ್ದಾರೆ.

ಮೊದಲ ಆಘಾತ ಕಳೆದ ಮೇಲೂ ನಿಶ್ಚಿಂತೆಯಿಲ್ಲ. ಬಹಳ ತಣ್ಣನೆಯ ನೀರಿನಲ್ಲಿ ಹತ್ತು ಹದಿನೈದು ನಿಮಿಷಗಳಲ್ಲಿ ಕೈಕಾಲುಗಳ ಸ್ನಾಯುಗಳು ಸೋಲುತ್ತವೆ. ನಿಪುಣ ಈಜುಗಾರನೂ ಇದಕ್ಕೆ ಹೊರತಲ್ಲ.

ಯಾರು ಇಳಿಯಬಾರದು?

ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು, ಹೃದಯದ ಲಯದಲ್ಲಿ ಏರುಪೇರು ಇರುವವರು, ರಕ್ತದೊತ್ತಡ ಹತೋಟಿಯಲ್ಲಿಲ್ಲದವರು, ಮೂರ್ಛೆರೋಗಿಗಳು ದಡದಲ್ಲೇ ಕುಳಿತು ಸರೋವರದ ಸೊಬಗು ಸವಿಯುವುದು ಕ್ಷೇಮ. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಈಜು ಮತ್ತು ನಡುಕ ಎರಡೂ ಸಕ್ಕರೆ ಅಂಶವನ್ನು ಇಳಿಸುತ್ತವೆ. ತಣ್ಣನೆಯ ನೀರು ಆಸ್ತಮಾ ಕೆರಳಿಸಬಹುದು. ಗರ್ಭಿಣಿಯರು ಮತ್ತು ಇಂಥ ತೊಂದರೆ ಇರುವವರು ಹೊರಡುವ ಮೊದಲೇ ತಮ್ಮ ವೈದ್ಯರನ್ನು ಕೇಳಬೇಕು. ನಲವತ್ತು ದಾಟಿ, ಒಮ್ಮೆಯೂ ಬಿ.ಪಿ. ನೋಡಿಸಿಕೊಳ್ಳದೆ 'ನನಗೇನೂ ಇಲ್ಲ' ಎನ್ನುವವರ ಬಗ್ಗೆಯೇ ನನಗೆ ಹೆಚ್ಚು ಭಯ.

ಇಳಿಯುವ ಕ್ರಮ

ಸ್ವಿಟ್ಜರ್ಲೆಂಡಿನ ಜೀವರಕ್ಷಣಾ ಸಂಸ್ಥೆಯ ಸ್ನಾನದ ನಿಯಮಗಳು ಸರಳವಾಗಿವೆ. ಪುಟ್ಟ ಮಕ್ಕಳು ಕೈಗೆಟುಕುವಷ್ಟು ಹತ್ತಿರವಿರಲಿ. ಮದ್ಯ ಕುಡಿದು ನೀರಿಗಿಳಿಯಬೇಡಿ. ಮೈ ಕಾದಿರುವಾಗ ಹಾರಬೇಡಿ. ಪರಿಚಯವಿಲ್ಲದ ನೀರಿಗೆ ಧುಮುಕಬೇಡಿ. ಗಾಳಿ ತುಂಬಿದ ಹಾಸಿಗೆ, ಟ್ಯೂಬುಗಳನ್ನು ನಂಬಿ ಆಳಕ್ಕೆ ಹೋಗಬೇಡಿ. ದೂರ ಈಜುವಾಗ ಒಬ್ಬರೇ ಹೋಗಬೇಡಿ. ಬೆಟ್ಟ ಹತ್ತಿ ಬೆವರಿ ಬಂದವರಿಗೆ ಮೂರನೆಯ ನಿಯಮ ಮುಖ್ಯ. ನೆರಳಿನಲ್ಲಿ ಕೂತು ದಣಿವಾರಿಸಿಕೊಳ್ಳಿ. ಕಾಲು, ಕೈ, ಎದೆಗೆ ನೀರು ತಾಕಿಸಿಕೊಂಡು ನಿಧಾನವಾಗಿ ಇಳಿಯಿರಿ. ಉಸಿರು ಸಹಜವಾಗುವವರೆಗೆ ಮುಂದೆ ಹೋಗಬೇಡಿ. ದಡಕ್ಕೆ ಸಮಾನಾಂತರವಾಗಿ, ಕಾಲು ನಿಲುಕುವಲ್ಲೇ ಈಜಿರಿ.

ಆಕಸ್ಮಿಕವಾಗಿ ಬಿದ್ದರೆ ಕೈಕಾಲು ಬಡಿಯಬೇಡಿ. ಅಂಗಾತ ಮಲಗಿದಂತೆ ತಲೆ ಹಿಂದಕ್ಕೆ ಚಾಚಿ, ಉಸಿರು ಹತೋಟಿಗೆ ಬರುವವರೆಗೆ ತೇಲಿರಿ. ಆಮೇಲೆ ಕೂಗಿ, ಇಲ್ಲವೆ ಈಜಿ. ಸಹಾಯಕ್ಕೆ 112, ಸ್ವಿಟ್ಜರ್ಲೆಂಡಿನಲ್ಲಿ ಆಂಬುಲೆನ್ಸಿಗೆ 144.

ಮೇಲೆ ಬಂದ ನಂತರವೂ ಸ್ವಲ್ಪ ಹೊತ್ತು ದೇಹದ ಶಾಖ ಇಳಿಯುತ್ತಲೇ ಇರುತ್ತದೆ. ಒದ್ದೆ ಬಟ್ಟೆ ಬದಲಿಸಿ, ಉಣ್ಣೆಯ ಟೋಪಿ ಹಾಕಿ, ಬಿಸಿ ಚಹಾ ಕುಡಿಯಿರಿ. ಬ್ರಾಂದಿ ಬೇಡ, ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಇದ್ದ ಶಾಖವನ್ನೂ ಕಳೆಯುತ್ತದೆ.

ಒಂದು ಕಿವಿಮಾತು

ತಣ್ಣೀರಿನ ಸ್ನಾನ ಸರ್ವರೋಗಕ್ಕೂ ಮದ್ದು ಎಂಬ ಪ್ರಚಾರ ಈಗ ಹೆಚ್ಚಾಗಿದೆ. ಅಭ್ಯಾಸವಿದ್ದವರಿಗೆ ಉಲ್ಲಾಸ ಕೊಡುವುದು ನಿಜ. ರೋಗ ವಾಸಿಯಾಗುತ್ತದೆ ಎನ್ನಲು ಆಧಾರ ಸಾಲದು. ಹಾಗೆಂದು ತಣ್ಣೀರು ತಾಕಿದೊಡನೆ ನ್ಯುಮೋನಿಯಾ ಬರುತ್ತದೆ ಎಂಬ ಹೆದರಿಕೆಗೂ ಕಾರಣವಿಲ್ಲ. ಅದು ಬರುವುದು ರೋಗಾಣುಗಳಿಂದ.

ನನ್ನ ಅಭಿಪ್ರಾಯದಲ್ಲಿ ಪ್ರವಾಸ ಏರ್ಪಡಿಸುವವರು ಪಾಸ್‌ಪೋರ್ಟಿನ ಜೆರಾಕ್ಸ್ ಕೇಳುವಾಗಲೇ 'ಈಜು ಬರುತ್ತದೆಯೇ?' ಎಂದೂ ಕೇಳಬೇಕು. ಸೂಟ್‌ಕೇಸಿಗೆ, ಉಣ್ಣೆ ಕೋಟಿಗೆ ಸಾವಿರಾರು ರೂಪಾಯಿ ಕೊಡುವ ನಾವು ಊರಿನ ಈಜುಕೊಳದಲ್ಲಿ ತಿಂಗಳೊಪ್ಪತ್ತು ತೇಲುವುದನ್ನು ಕಲಿಯಲು ಹಿಂದೆಗೆಯುತ್ತೇವೆ. ಈಜು ಬಾರದಿದ್ದರೆ ಮೊಣಕಾಲುದ್ದ ನೀರಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಿ. ಅದರಲ್ಲಿ ನಾಚಿಕೆಯೇನೂ ಇಲ್ಲ.