ಕಾಳು ಹಾಕಬೇಡಿ, ಪೊದೆ ಉಳಿಸಿ

ಗಣಪತಿ ಹೋಗಿ ನವರಾತ್ರಿ ಬರುವಷ್ಟರಲ್ಲಿ ಪುಣೆಗೆ ಹೊಸ ನೆಂಟರು ಬಂದಿರುತ್ತಾರೆ. ನಮ್ಮ ಸೊಸೈಟಿಯ ಪಾರ್ಕಿಂಗ್ ಇಳಿಜಾರಿನಲ್ಲಿ ಬಾಲ ಕುಣಿಸುತ್ತ ಓಡಾಡುವ ಬೂದು ಕುಂಡೆಕುಸ್ಕ ಉತ್ತರದ ಬೆಟ್ಟಗಳ ಕಡೆಯದು (ಹೆಸರಿಟ್ಟವರು ಕಂಡದ್ದನ್ನೇ ಹೇಳಿದ್ದಾರೆ). ದಾಸವಾಳದ ಬೇಲಿಯೊಳಗೆ ಯಾರೋ ಲೊಚಗುಟ್ಟಿದಂತೆ ‘ಚೆಕ್, ಚೆಕ್’ ಎನ್ನುವ ಕಂದು ಹಕ್ಕಿ ಬ್ಲೈತ್‌ನ ಉಲಿಯಕ್ಕಿ. ತೂಕ ಹತ್ತು-ಹನ್ನೆರಡು ಗ್ರಾಂ. ಮರಿ ಮಾಡುವುದು ರಷ್ಯಾ, ಮಧ್ಯ ಏಷ್ಯಾದ ಕಡೆ. ಚಳಿಗಾಲ ಕಳೆಯುವುದು ನಮ್ಮ ಕಾಂಪೌಂಡಿನಲ್ಲಿ.

ಇವನ್ನು ಕರೆಯಬೇಕೆಂದರೆ ನಮ್ಮ ಸಾಫ್ಟ್‌ವೇರ್ ಮಂದಿ ಮೊದಲು ಆನ್‌ಲೈನ್‌ನಲ್ಲಿ ಫೀಡರ್ ತರಿಸುತ್ತಾರೆ. ಸಜ್ಜೆ ತುಂಬಿಸಿಡುತ್ತಾರೆ. ಬರುವುದು ಪಾರಿವಾಳ! ಉಲಿಯಕ್ಕಿ, ಕುಂಡೆಕುಸ್ಕ ಎರಡೂ ಹುಳು ಹಿಡಿದು ಬದುಕುವವು, ಕಾಳನ್ನು ಮೂಸಿಯೂ ನೋಡುವುದಿಲ್ಲ. ಪಾರಿವಾಳದ ಹಿಕ್ಕೆ ಶ್ವಾಸಕೋಶಕ್ಕೆ ಕೆಟ್ಟದ್ದು. 2025ರಲ್ಲಿ ದಾದರಿನ ಕಬೂತರ್‌ಖಾನಾ ಮುಚ್ಚಿಸಿದಾಗ ಎದ್ದ ಗಲಾಟೆ ಮುಂಬೈ ಕನ್ನಡಿಗರಿಗೆ ನೆನಪಿದ್ದೀತು.

ಹಾಗಾದರೆ ಏನು ಇಡಬೇಕು? ಇಡುವುದಕ್ಕಿಂತ ಬಿಡುವುದು ಮುಖ್ಯ. ಬೇಲಿಯ ಬುಡದ ತರಗೆಲೆ ಗುಡಿಸದೆ ಬಿಡಿ, ಅದರಡಿಯಲ್ಲೇ ಹುಳು ಇರುವುದು. ದಾಸವಾಳ, ಕರಿಬೇವು ಒತ್ತಾಗಿ ಬೆಳೆಯಲಿ. ನೆಲವಿಲ್ಲದವರು ಕುಂಡದ ಗಿಡಗಳನ್ನು ಒಟ್ಟೊಟ್ಟಿಗೆ ಇಟ್ಟು, ಪಕ್ಕದಲ್ಲಿ ಎರಡು ಬೆರಳು ಆಳದ ಮಣ್ಣಿನ ತಟ್ಟೆಯಲ್ಲಿ ನೀರಿಡಿ, ನಡುವೆ ಒಂದು ಕಲ್ಲು. ಸೊಳ್ಳೆಯ ಭಯವೇ? ಮೊಟ್ಟೆ ಸೊಳ್ಳೆಯಾಗಲು ವಾರದ ಹತ್ತಿರ ಬೇಕು, ದಿನಾ ನೀರು ಬದಲಿಸಿದರೆ ಮುಗಿಯಿತು.

ತೊಂದರೆ ಬೇರೆ ಇದೆ. ಹಕ್ಕಿ ಬರುವ ಹೊತ್ತಿಗೇ ದಸರೆ, ದೀಪಾವಳಿಯ ಸ್ವಚ್ಛತೆಯೂ ಶುರುವಾಗುತ್ತದೆ. ಕಳೆದ ವರ್ಷ ನಮ್ಮಲ್ಲಿ ಬೇಲಿಯನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಉಳಿದದ್ದಕ್ಕೆ ಕೀಟನಾಶಕ ಹೊಡೆದರು. ಆ ಚಳಿಗಾಲವಿಡೀ ‘ಚೆಕ್, ಚೆಕ್’ ಕೇಳಲಿಲ್ಲ. ಡೆಂಗೆ ಕಾಲ ಎಂದು ಸಮಜಾಯಿಷಿ ಕೊಟ್ಟರು. ಡೆಂಗೆ ಸೊಳ್ಳೆ ಹುಟ್ಟುವುದು ಟೆರೇಸಿನ ಮುಚ್ಚಿರದ ಡ್ರಮ್ಮಿನಲ್ಲಿ, ದಾಸವಾಳದ ಎಲೆಯಲ್ಲಲ್ಲ. ಆ ಡ್ರಮ್ಮು ಈಗಲೂ ಹಾಗೇ ಇದೆ.

ಬಾಡಿಗೆಯವರಿಗೆ ಸೊಸೈಟಿ ಸಭೆಯಲ್ಲಿ ಮತವಿಲ್ಲ, ಅದಕ್ಕೇ ನಮ್ಮವರು ‘ಪರ ಊರು, ನಮಗ್ಯಾಕೆ’ ಎಂದು ಸುಮ್ಮನಿರುತ್ತಾರೆ. ಮತವಿಲ್ಲದಿದ್ದರೆ ಪತ್ರ ಬರೆಯಬಾರದೇ? ನಾನು ಕೇಳಿರುವುದು ಇಷ್ಟೇ: ಹಿಂದಿನ ಕಾಂಪೌಂಡಿನ ಬೇಲಿಯೊಂದನ್ನು ಅಕ್ಟೋಬರಿನಿಂದ ಮಾರ್ಚಿವರೆಗೆ ಕತ್ತರಿಸಬೇಡಿ, ಔಷಧಿ ಹೊಡೆಯಬೇಡಿ. ಕಾರ್ಯದರ್ಶಿಗಳು ‘ಬಘೂಯಾ’ ಎಂದಿದ್ದಾರೆ. ಪುಣೆಯಲ್ಲಿ ನಾಲ್ಕು ವರ್ಷ ಕಳೆದವರಿಗೆ ಆ ‘ನೋಡೋಣ’ದ ಅರ್ಥ ಗೊತ್ತು. ವಾರ್ಷಿಕ ಸಭೆಗೆ ಮುಂಚೆ ಇನ್ನೊಮ್ಮೆ ಹೋಗಿ ಕೇಳುವವನಿದ್ದೇನೆ, ಈ ಸಲ ಮೂರನೇ ಮಹಡಿಯ ಧಾರವಾಡದವರನ್ನೂ ಕರೆದುಕೊಂಡು.