ಮಕ್ಕಳ ಮೈಮೇಲೆ ಬಿದ್ದ ಸಾಲ



ಬೆಲೆ, ಬಡ್ಡಿ, ಸಾಲ. ಈ ಪತ್ರಿಕೆ ತಿಂಗಳು ತಿಂಗಳು ಬರೆಯೋದು ಇದನ್ನೇ. ಈ ಸಲವೂ ಸಾಲದ ಮಾತೇ. ಆದರೆ ಇದು ಸೊಸೈಟಿ ಪುಸ್ತಕದಲ್ಲಿ ಸಿಗುವ ಸಾಲವಲ್ಲ. ಕೊರೋನಾ ಕಾಲದಲ್ಲಿ ನಾವು ನಮ್ಮ ಮಕ್ಕಳ ಹೊಟ್ಟೆಯಿಂದ ಎತ್ತಿದ ಸಾಲ. ಅದಕ್ಕೆ ಯಾವ ಸರ್ಕಾರವೂ ಮನ್ನಾ ಘೋಷಿಸಿಲ್ಲ.

ಲೆಕ್ಕ ನೋಡಿ. 2020ರ ಮಾರ್ಚಿನಲ್ಲಿ ಮುಚ್ಚಿದ ಹೆಂಡದಂಗಡಿ ಮೇ 4ಕ್ಕೆ ಬಾಗಿಲು ತೆರೆಯಿತು. ಸುಮಾರು ನಲವತ್ತು ದಿನ. ಅದೇ ಮಾರ್ಚಿನಲ್ಲಿ ಮನೆಗೆ ಹೋದ ಒಂದರಿಂದ ಐದನೇ ತರಗತಿಯ ಮಕ್ಕಳು ಮತ್ತೆ ಶಾಲೆಯೊಳಗೆ ಕೂತದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು! ನಡುವೆ ವಿದ್ಯಾಗಮ ಅಂತ ಗುಡಿ ಜಗಲಿ, ಅರಳಿಕಟ್ಟೆ ಮೇಲೆ ಪಾಠ ಶುರುವಾಯಿತು, 2020ರ ಅಕ್ಟೋಬರಿನಲ್ಲಿ ಅದೂ ನಿಂತಿತು. ಆ ವರ್ಷ ಒಂದನೇ ತರಗತಿಗೆ ಹೆಸರು ಬರೆಸಿದ ಮಗು 2030ರಲ್ಲಿ ಎಸ್ಸೆಸ್ಸೆಲ್ಸಿಗೆ ಕೂರಬೇಕು. ಕೊರೋನಾ ಮುಗಿದ ಕಥೆ ಅನ್ನುವವರು ಈ ಮಗುವಿನ ಮುಖ ನೋಡಿ ಹೇಳಲಿ.

ಸರ್ಕಾರವನ್ನು ಬಯ್ಯುವ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳೋಣ. ಲಾಕ್‌ಡೌನಿನಲ್ಲಿ ಮಂಡಿ ನಿಂತಾಗ ನಾವು ಕೂಗಿದೆವು, ಟೊಮೆಟೊ ರಸ್ತೆಗೆ ಸುರಿದೆವು. 2020ರ ಮೇ ತಿಂಗಳಲ್ಲಿ ಹೂವಿನ ಬೆಳೆಗೆ ಹೆಕ್ಟೇರಿಗೆ 25,000 ರೂಪಾಯಿ ಪರಿಹಾರ ಘೋಷಣೆಯಾದರೆ, ಇದು ಯಾವ ಮೂಲೆಗೆ ಸಾಕು ಅಂತ ಮತ್ತೆ ಕೂಗಿದೆವು. ಕೂಗಿದ್ದು ಸರಿಯೇ. ಆದರೆ ಶಾಲೆಯ ಬೀಗ ತೆಗೀರಿ ಅಂತ ಎಷ್ಟು ಊರಿನವರು ತಾಲ್ಲೂಕು ಕಚೇರಿ ಮುಂದೆ ಕೂತೆವು? 1980ರ ದಶಕದಲ್ಲಿ ನಮ್ಮ ಹಿರಿಯರು, ಅನುಮತಿ ಇಲ್ಲದೆ ಅಧಿಕಾರಿಗಳು ಊರೊಳಕ್ಕೆ ಬರಕೂಡದು ಅಂತ ಊರ ಬಾಗಿಲಿಗೆ ಬೋರ್ಡು ನೆಟ್ಟವರು. ಅವರ ಮಕ್ಕಳಾದ ನಾವು ಶಾಲೆ ಗೇಟಿನ ಬೀಗ ನೋಡಿಕೊಂಡೇ ಹೊಲಕ್ಕೆ ಹೋಗಿ ಬಂದೆವು.

ಶಾಲೆ ಅಂದರೆ ಬರೀ ಅಕ್ಷರ ಅಂದುಕೊಂಡದ್ದೇ ನಮ್ಮ ತಪ್ಪು. ಹಳ್ಳಿ ಮಗುವಿಗೆ ದಿನದ ಒಂದು ಹೊಟ್ಟೆ ತುಂಬ ಊಟ ಅಲ್ಲಿತ್ತು. 2013ರ ಆಗಸ್ಟಿನಿಂದ ಕ್ಷೀರಭಾಗ್ಯದ ಬಿಸಿ ಹಾಲು ಇತ್ತು. ಅದು ನಮ್ಮದೇ ಡೈರಿಗಳ ಹಾಲಿನ ಪುಡಿ. ರಕ್ತಹೀನತೆಗೆ ಕಬ್ಬಿಣಾಂಶದ ಮಾತ್ರೆ, ಜಂತುಹುಳದ ಮಾತ್ರೆ, ಎಲ್ಲ ಸಿಗುತ್ತಿದ್ದದ್ದು ಆ ಕೋಣೆಯಲ್ಲೇ. ಬೀಗ ಬಿದ್ದ ಮೇಲೆ ಬಿಸಿಯೂಟದ ಬದಲು ಅಕ್ಕಿ ಬೇಳೆ ಮನೆಗೆ ಕೊಟ್ಟರು. ಮನೆಗೆ ಬಂದ ಅಕ್ಕಿ ಮಗುವಿನ ಅಕ್ಕಿಯಾಗಿ ಉಳಿಯುತ್ತದೆಯೇ? ಒಂದೇ ಗಡಿಗೆಯಲ್ಲಿ ಬೇಯುತ್ತೆ, ದುಡಿಯೋ ಗಂಡಸರ ತಟ್ಟೆಗೆ ಮೊದಲು ಬೀಳುತ್ತೆ, ಹೆಣ್ಣುಮಗಳಿಗೆ ತಳದ್ದು.

ನಮ್ಮ ಮನೆಯ ಮಾತನ್ನೇ ಹೇಳುತ್ತೇನೆ, ನಾಚಿಕೆ ಏನಿಲ್ಲ. ಕೊಟ್ಟಿಗೆಯಲ್ಲಿ ಎರಡು ಕರೆಯೋ ಹಸು ಇದ್ದವು. ತರಕಾರಿ ಕೈಬಿಟ್ಟ ಮೇಲೆ ಕೈಗೆ ಕಾಸು ಬರೋದು ಡೈರಿಯಿಂದ ಮಾತ್ರ, ಒಡವೆ ಸಾಲದ ಬಡ್ಡಿ ತಲೆ ಮೇಲೆ. ಎರಡು ಹೊತ್ತಿನ ಹಾಲೂ ಕ್ಯಾನಿಗೆ ಹೋಯಿತು. ಮನೆ ಮಕ್ಕಳು ಕರೀ ಟೀ ಕುಡಿದವು. ಹಾಲು ಕರೆದವನ ಮಗು ಹಾಲು ಕಾಣದೆ ಬೆಳೆದರೆ ಅದನ್ನು ಉತ್ಪಾದನಾ ವೆಚ್ಚದ ಯಾವ ಕಲಮಿನಲ್ಲಿ ಬರೆಯೋದು? ನಮ್ಮ ಬೆಳೆಗೆ ಬೆಲೆ ಕಟ್ಟುವ ಆಯೋಗದವರನ್ನು ಕೇಳಬೇಕು.

ಶಾಲೆ ತೆರೆದು ಮತ್ತೆ ಒಲೆ ಹಚ್ಚಿದ ದಿನಗಳಲ್ಲಿ ನಮ್ಮೂರ ಬಿಸಿಯೂಟದ ಅಡುಗೆಯಮ್ಮ ನನಗೆ ಹೇಳಿದ ಮಾತು ಮರೆಯೋಕಾಗಲ್ಲ: "ಅಣ್ಣಾ, ಮುಂಚೆ ಇಷ್ಟೇ ಮಕ್ಕಳಿಗೆ ಮಾಡಿದ ಅನ್ನ ಮಿಕ್ತಿತ್ತು. ಈಗ ಮೂರು ಸಲ ಬಡಿಸಿದ್ರೂ ತಟ್ಟೆ ಹಿಡ್ಕಂಡೇ ಕೂತಿರ್ತಾವೆ."

ಮುಂಚೆ ಎಲ್ಲ ಚೆನ್ನಾಗಿತ್ತು ಅಂತಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ನಮ್ಮ ರಾಜ್ಯದಲ್ಲಿ ಮನೆ ಮನೆ ಸುತ್ತಿದ್ದು 2019ರಲ್ಲಿ, ಕೊರೋನಾ ಕಾಲಿಡುವ ಮೊದಲು. ಆಗಲೇ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ, 65 ಮಕ್ಕಳಿಗೆ ರಕ್ತ ಕಡಿಮೆ. ಬರಗಾಲದ ದನದ ಮೇಲೆ ಮತ್ತೆ ಬರ ಬಿದ್ದ ಹಾಗಾಯಿತು.

ಇನ್ನೊಂದು ಮಾತು, ಓದುಗರಿಗೆ ಹಿಡಿಸದೆ ಹೋಗಬಹುದು. ಆ ಎರಡು ವರ್ಷ ನಮ್ಮ ತೋಟ, ಹೊಲಗಳಲ್ಲಿ ಕಾಯಿ ಬಿಡಿಸಿದವರು, ಕಳೆ ಕಿತ್ತವರು ಯಾರು? ಏಳನೇ, ಎಂಟನೇ ತರಗತಿಯ ಹುಡುಗ ಹುಡುಗಿಯರು. ಅರ್ಧ ಕೂಲಿಗೆ ಸಿಗ್ತಾರೆ ಅಂತ ಕರೆದವರು ಭೂಮಿ ಇರುವ ನಾವೇ. ಹೆಚ್ಚಿನವು ಕೂಲಿಕಾರರ ಮಕ್ಕಳು, ಕೆಲವು ನಮ್ಮವೇ. ಕೈಗೆ ಕಾಸು ಕಂಡ ಹುಡುಗರಲ್ಲಿ ಕೆಲವರು ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಹೋದವರಿಗೂ ಓದಲು ಬಾರದ ನಾಚಿಕೆ, ಹಿಂದಿನ ಬೆಂಚು, ಸಿಟ್ಟು, ರಾತ್ರಿಯೆಲ್ಲ ಫೋನು. ಆ ಫೋನು ಆನ್‌ಲೈನ್ ಪಾಠಕ್ಕೆ ಅಂತ ಕೈಸಾಲ ಮಾಡಿ ತಂದದ್ದು. ನಮ್ಮ ಗುಡ್ಡದ ಮಗ್ಗುಲಲ್ಲಿ ಸಿಗ್ನಲ್ಲೇ ಇರಲಿಲ್ಲ ಅನ್ನೋದು ಬೇರೆ ಮಾತು.

ಹೆಣ್ಣುಮಕ್ಕಳದ್ದು ಇನ್ನೂ ಕಷ್ಟ. 2020ರಲ್ಲಿ ಮದುವೆಗೆ ಐವತ್ತು ಜನಕ್ಕಿಂತ ಹೆಚ್ಚು ಸೇರಬಾರದು ಅಂತ ಕಟ್ಟಳೆ. ಛತ್ರ ಬೇಡ, ಊಟದ ಖರ್ಚಿಲ್ಲ, ಸಾಲವಿಲ್ಲದೆ ಮುಗಿಯುತ್ತೆ ಅಂತ ಹದಿನಾರರ ಹುಡುಗಿಯನ್ನು ಮನೆ ಮುಂದೆ ಚಪ್ಪರ ಹಾಕಿ ಕಳಿಸಿದವರನ್ನು ನಾನೇ ಕಂಡಿದ್ದೇನೆ. ತಾನೇ ರಕ್ತವಿಲ್ಲದ ಹುಡುಗಿ ಬಸುರಿಯಾದರೆ ಆ ಕೂಸು ಹೇಗೆ ಹುಟ್ಟುತ್ತೆ ಅಂತ ನಮಗೆ ಹೇಳಿಕೊಡಬೇಕೇ? ಎಳೆಗಡಸನ್ನು ಹೋರಿಗೆ ಬಿಡದ ಜನ ನಾವು. ಸರ್ಕಾರ ನೇಮಿಸಿದ ಡಾ. ದೇವಿ ಶೆಟ್ಟಿ ಸಮಿತಿ 2021ರ ಜೂನಿನಲ್ಲೇ ಇದನ್ನು ಹೇಳಿತ್ತು: ಶಾಲೆ ಮುಚ್ಚಿಟ್ಟರೆ ಅಪೌಷ್ಟಿಕತೆ, ಬಾಲದುಡಿಮೆ, ಬಾಲ್ಯವಿವಾಹ ಹೆಚ್ಚುತ್ತವೆ ಅಂತ.

ತಂದೆತಾಯಿ ಇಬ್ಬರನ್ನೂ ಕೊರೋನಾಕ್ಕೆ ಕಳಕೊಂಡ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿ ಅಂತ 2021ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಘೋಷಿಸಿತು, ಒಳ್ಳೇದು. ಅಪ್ಪ ಒಬ್ಬನೇ ಹೋಗಿ, ಅವನ ಆಸ್ಪತ್ರೆ ಸಾಲಕ್ಕೆ ಜಮೀನು ಬರೆದುಕೊಟ್ಟ ಮನೆಯ ಮಗು ಮಾತೇ ಆಡದೆ ಕೂತಿದ್ದರೆ ಅದನ್ನು ಯಾರು ಕೇಳಬೇಕು?

ಶಾಲೆಯಲ್ಲಿ ಮೊಟ್ಟೆ ಬಂದದ್ದು 2021ರ ಡಿಸೆಂಬರಿನಲ್ಲಿ, ಮೊದಲು ಏಳು ಜಿಲ್ಲೆಗೆ. ಕೆಲವು ಮಠಾಧೀಶರು ಬೇಡ ಅಂದರು, ಮಕ್ಕಳು ಬೇಕು ಅಂದವು. ಆಮೇಲೆ ರಾಜ್ಯಕ್ಕೆಲ್ಲ ಬಂತು. 2024ರಲ್ಲಿ ರಾಗಿ ಮಾಲ್ಟೂ ಸೇರಿತು. ಸಂತೋಷವೇ. ಆದರೆ ಒಂದು ಮೊಟ್ಟೆಗೆ ಸರ್ಕಾರ ಕಟ್ಟಿದ್ದ ದರ 6 ರೂಪಾಯಿ, ಬೇಯಿಸುವ ಖರ್ಚು, ಸಿಪ್ಪೆ ಸುಲಿಯುವ ಕೂಲಿ ಎಲ್ಲ ಅದರಲ್ಲೇ! ಅಂಗಡಿಯಲ್ಲಿ ದರ ಏರಿದಾಗ ಮೇಷ್ಟ್ರು ಕೈಯಿಂದ ಹಾಕಬೇಕು. ನಮ್ಮ ರಾಗಿ, ತೊಗರಿಗೆ ಬೆಲೆ ಕಟ್ಟುವವರ ಬುದ್ಧಿಯೇ ಮಕ್ಕಳ ಮೊಟ್ಟೆಗೂ ಬೆಲೆ ಕಟ್ಟಿದ ಹಾಗಿದೆ.

ಆದ್ದರಿಂದ ನಮ್ಮ ಬೇಡಿಕೆ ಪಟ್ಟಿಯಲ್ಲಿ ಇದೂ ಇರಲಿ. ಬಿಸಿಯೂಟಕ್ಕೆ ಬೇಕಾದ ರಾಗಿ, ತೊಗರಿ, ತರಕಾರಿಯನ್ನು ಆಯಾ ತಾಲ್ಲೂಕಿನ ರೈತರಿಂದಲೇ ಖರ್ಚು ಗಿಟ್ಟುವ ಬೆಲೆಗೆ ಕೊಳ್ಳಲಿ. ಮೊಟ್ಟೆಗೆ ಆ ತಿಂಗಳ ಪೇಟೆ ದರ ಕೊಡಲಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ವರ್ಷಕ್ಕೊಮ್ಮೆ ಶಾಲೆಗೆ ಬಂದು ಮಕ್ಕಳನ್ನು ಪರೀಕ್ಷೆ ಮಾಡಬೇಕು. ನಿಮ್ಮೂರಿಗೆ ಬಂದರೋ ಇಲ್ಲವೋ, ಎಷ್ಟು ಮಕ್ಕಳಿಗೆ ರಕ್ತ ಕಡಿಮೆ ಅಂತ ಬರೆದು ಹೋದರು, ಆಮೇಲೆ ಏನಾಯಿತು, ಇದನ್ನು ಗ್ರಾಮ ಘಟಕದವರು ಶಾಲೆಗೆ ಹೋಗಿ ವಿಚಾರಿಸಿ. ಎಸ್‌ಡಿಎಂಸಿಯಲ್ಲಿ ನಮ್ಮವರು ಇದ್ದಾರೆ, ಸಹಿ ಹಾಕಿ ಬರುವ ಬದಲು ಕೂತು ಕೇಳಲಿ. ತಿಳಿದದ್ದನ್ನು ಬರೆದು ಮುಂದಿನ ತಿಂಗಳ ತಾಲ್ಲೂಕು ಸಭೆಗೆ ತನ್ನಿ. ಬರುವಾಗ ಮನೆಯ ಹೆಂಗಸರನ್ನೂ ಕರಕೊಂಡು ಬನ್ನಿ, ಯಾವ ಮಗು ಏನು ತಿಂದಿತು ಅನ್ನೋ ಲೆಕ್ಕ ಅವರ ಹತ್ತಿರ ಇರುತ್ತೆ.