‘ಒಂದಿಷ್ಟು ನೋಡಿಕೋ’ ಎಂಬ ಬಿಟ್ಟಿ ಚಾಕರಿ



ನಮ್ಮಲ್ಲಿ ಹಲವರ ಮಕ್ಕಳು ಇಂದು ತಟ್ಟೆ ಎತ್ತುವುದಿಲ್ಲ, ಮಗ್ಗದ ಮುಂದೆ ನಿಲ್ಲುವುದಿಲ್ಲ. ಖೋಲಿಯ ಮೂಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಹೊಟೇಲು, ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಾರೆ. 1982ರ ಮುಷ್ಕರದ ನಂತರ ಮುಂಬಯಿಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದುದನ್ನು ಕಂಡವರಿಗೆ ಇದು ಸಂತೋಷದ ಸಂಗತಿಯೇ. ಆದರೆ ಕೆಲಸ ಬದಲಾದ ಮಾತ್ರಕ್ಕೆ ಶೋಷಣೆ ಹೋಯಿತೆಂದು ಯಾರೂ ತಿಳಿಯಬೇಕಾಗಿಲ್ಲ.

ನಡೆಯುತ್ತಿರುವುದೇನು? ವೆಬ್‌ಸೈಟ್ ಕಟ್ಟಲು ಧಣಿ ಒಂದು ಸಲ ಹಣ ಕೊಡುತ್ತಾನೆ. ಆಮೇಲೆ ‘ತಮ್ಮಾ, ಒಂದಿಷ್ಟು ನೋಡಿಕೋ’ ಎನ್ನುತ್ತಾನೆ. ಈ ‘ಒಂದಿಷ್ಟು’ ಎಷ್ಟು? ದೋಸೆಯ ದರ ಏರಿದರೆ ಬದಲಿಸಬೇಕು. ವರ್ಡ್‌ಪ್ರೆಸ್ ಮತ್ತು ಅದರ ಪ್ಲಗಿನ್‌ಗಳನ್ನು ಆಗಾಗ ಹೊಸದು ಮಾಡಬೇಕು. ಇಲ್ಲವಾದರೆ ಹಳೆಯ ಕಂಡಿಯಲ್ಲಿ ಕಳ್ಳ ನುಗ್ಗುತ್ತಾನೆ. ಎಲ್ಲದರ ಪ್ರತಿ ತೆಗೆದು ಬೇರೆ ಕಡೆ ಇಡಬೇಕು. ಡೊಮೇನ್ ಹೆಸರಿನ ಅವಧಿ ತಪ್ಪಿದರೆ ಹೆಸರೇ ಕೈಬಿಟ್ಟು ಹೋಗಬಹುದು. ವೆಬ್‌ಸೈಟಿನ ಭದ್ರತೆಗೆ ಬೇಕಾದ ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೂ ಆಯುಸ್ಸುಂಟು. 2020ರಲ್ಲಿ ಅದನ್ನು ಹೆಚ್ಚೆಂದರೆ 398 ದಿನ ಎಂದು ಗೊತ್ತು ಮಾಡಿದರು; 2029ರ ಮಾರ್ಚ್ ಹೊತ್ತಿಗೆ 47 ದಿನಕ್ಕೆ ಇಳಿಸುವುದೆಂದು 2025ರಲ್ಲಿ ನಿಶ್ಚಯಿಸಿದ್ದಾರೆ. ಅದನ್ನು ಯಂತ್ರವೇ ಹೊಸದು ಮಾಡಲಿ. ಮಾಡಿತೋ ಇಲ್ಲವೋ ಎಂದು ನೋಡುವವನು ಮನುಷ್ಯನೇ.

‘ಈ ತಿಂಗಳು ಏನೂ ಕೆಟ್ಟಿಲ್ಲವಲ್ಲ, ದುಡ್ಡು ಯಾಕೆ?’ ಎಂದು ಕೇಳುವ ಧಣಿಗಳಿದ್ದಾರೆ. ಗಿರಣಿಯಲ್ಲಿ ಯಂತ್ರಕ್ಕೆ ಎಣ್ಣೆ ಬಿಡುವ ಆಯಿಲರ್ ಇರುತ್ತಿದ್ದ. ಯಂತ್ರ ಕೆಡಲಿಲ್ಲವೆಂದು ಅವನ ಪಗಾರ ಹಿಡಿದಿದ್ದರೆ ಗೇಟಿನಲ್ಲಿ ಏನಾಗುತ್ತಿತ್ತೆಂದು ನಮ್ಮ ಹಿರಿಯರನ್ನು ಕೇಳಿ! ಕೆಡದೆ ಇದ್ದುದೇ ಅವನು ದುಡಿದ ಗುರುತು. ಹೊಟೇಲನ್ನು ತೆರೆದ ದಿನ ಒಮ್ಮೆ ತೊಳೆದು ಬಿಟ್ಟರೆ ಮರುದಿನ ಗಿರಾಕಿ ಬರುತ್ತಾನೆಯೇ?

ಇನ್ನೊಂದು ಮಾತು: ‘ನೀನು ನಮ್ಮೂರ ಹುಡುಗ.’ ಇದು ನಮಗೆ ಹೊಸದಲ್ಲ. ಇದನ್ನೇ ಹೇಳಿ ನಮ್ಮನ್ನು ಊರಿನಿಂದ ಕರೆತಂದರು. ಬೆಳಗಿನ ಜಾವದಿಂದ ನಡುರಾತ್ರಿಯವರೆಗೆ ದುಡಿಸಿ, ಊಟ ಹಾಕಿದ್ದೇ ಉಪಕಾರವೆಂದರು. ಊರಿನ ನಂಟು ಪ್ರೀತಿಗಿರಲಿ, ಪಗಾರ ಕಡಿಯಲು ಬೇಡ. ಸಂಘ ಸಂಸ್ಥೆಗಳಿಗೂ ಇದೇ ಮಾತು. ಸೇವೆ ಮಾಡುವವನು ತಾನಾಗಿ ಮಾಡಲಿ. ಸೇವೆಯ ಹೆಸರಿನಲ್ಲಿ ವರ್ಷಗಟ್ಟಲೆ ದುಡಿಸಿಕೊಳ್ಳಬಾರದು.

ದರ ಕಟ್ಟುವುದು ಹೇಗೆ? ಮೊದಲು ಮನೆಯ ಹೊಟ್ಟೆಬಟ್ಟೆಯ ಲೆಕ್ಕ ಬರೆಯಬೇಕು. ಒಂದು ಉದಾಹರಣೆ ಹಿಡಿಯೋಣ. ಮನೆಗೆ ತಿಂಗಳಿಗೆ 30,000 ರೂಪಾಯಿ ಬೇಕು; ಕರೆಂಟು, ಇಂಟರ್‌ನೆಟ್, ಕಂಪ್ಯೂಟರಿನ ಸವಕಳಿ, ಕಾಯಿಲೆಯ ದಿನಗಳಿಗೆಂದು 6,000. ಒಟ್ಟು 36,000. ದಿನಕ್ಕೆ 8 ಗಂಟೆಯಂತೆ 26 ದಿನ ಕೂತರೆ 208 ಗಂಟೆ. ಆದರೆ ಗಿರಾಕಿ ಹುಡುಕಲು, ಬಿಲ್ಲು ಬರೆಯಲು, ಹೊಸದು ಕಲಿಯಲು ಯಾರೂ ಹಣ ಕೊಡರು. ಹಣ ಹುಟ್ಟುವ ಗಂಟೆ 120 ಎಂದಿಟ್ಟುಕೊಳ್ಳಿ. ಗಂಟೆಗೆ 300 ರೂಪಾಯಿ ಬಿತ್ತು. ಒಂದು ವೆಬ್‌ಸೈಟಿಗೆ ತಿಂಗಳಿಗೆ 4 ಗಂಟೆ ಹಿಡಿದರೆ 1,200. ಡೊಮೇನ್, ಹೋಸ್ಟಿಂಗ್ ಖರ್ಚು ಬೇರೆ, ಅದು ಧಣಿಯದೇ. ಇದೇ ಕೆಲಸವನ್ನು 300ಕ್ಕೆ ಒಪ್ಪಿದವನು ಗಂಟೆಗೆ 75 ರೂಪಾಯಿಯ ಆಳಾದ. ಜೊತೆಗೆ ಪಕ್ಕದ ಖೋಲಿಯವನ ದರವನ್ನೂ ಕೆಡವಿದ. ಗಿರಣಿ ಗೇಟಿನಲ್ಲಿ ಬದಲಿಯವರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿದ ಆಟವೂ ಇದೇ.

ಮಾತು ಕಾಗದದ ಮೇಲೆ ಬರಲಿ: ಯಾವ ಯಾವ ಕೆಲಸ, ತಿಂಗಳಿಗೆ ಎಷ್ಟು ಗಂಟೆ, ಮೀರಿದರೆ ಎಷ್ಟು, ರಾತ್ರಿ ಕರೆದರೆ ಎಷ್ಟು, ಹಣ ಯಾವ ತಾರೀಖಿಗೆ. 1948ರ ಕಾರ್ಖಾನೆ ಕಾಯ್ದೆ ಹೊತ್ತು ಮೀರಿದ ದುಡಿಮೆಗೆ ಇಮ್ಮಡಿ ದರ ಬರೆಯಿತು. ಬಿಡಿ ಕೆಲಸದವನಿಗೆ ಆ ಆಸರೆ ಇಲ್ಲ. ಅವನ ಕರಾರೇ ಅವನ ಕಾಯ್ದೆ. ಹಣ ತಡೆಹಿಡಿಯುವವರಿಗೆ ಮಾತ್ರ ಒಂದು ಕಡಿವಾಣವುಂಟು. ಉದ್ಯಮ್ ನೋಂದಣಿ ಇದ್ದವನಿಗೆ, 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯಂತೆ, ಕರಾರಿನ ತಾರೀಖಿಗೆ, ಹೆಚ್ಚೆಂದರೆ 45 ದಿನದೊಳಗೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕು ಸಾರಿದ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ. ಕೆಲಸ ಹಿಡಿಯುವ ಮೊದಲೇ ನೋಂದಣಿ ಮಾಡಿಸಿರಿ.

ಕೊನೆಯದಾಗಿ ತಂದೆತಾಯಿಗಳಿಗೆ. ‘ನಮ್ಮ ಧಣಿ ಕೇಳಿದ್ದಾರೆ, ಇಲ್ಲವೆನ್ನಬೇಡ’ ಎಂದು ಮಕ್ಕಳನ್ನು ಒತ್ತಾಯಿಸಬೇಡಿ. ಮಗನ ಬಿಟ್ಟಿ ದುಡಿಮೆಯಿಂದ ಅಪ್ಪನ ಕೆಲಸ ಉಳಿಯುವುದಾದರೆ ಧಣಿಗೆ ಒಂದೇ ಪಗಾರದಲ್ಲಿ ಇಬ್ಬರು ಆಳು ಸಿಕ್ಕಂತಾಯಿತು. ಅದಕ್ಕಾಗಿಯೇ ನಾವು ಮಕ್ಕಳನ್ನು ಓದಿಸಿದೆವೇ? ಮಗನಿರಲಿ ಮಗಳಿರಲಿ, ಲೆಕ್ಕ ಬರೆದುಕೊಂಡು ಸಂಘಕ್ಕೆ ಬರಲಿ. ಕರಾರು ಬರೆಯಲು ನಾವು ಜೊತೆಯಲ್ಲಿ ಕೂಡುತ್ತೇವೆ.